ಐನೂರು ಹಪ್ಪಳ, ಐದು ಚಾಪೆ

"ಪೇಟೆಯ ಡಬ್ಬ ಬೇಡ, ಮನೆಯಲ್ಲೇ ಮಾಡಿದ್ದು ಎಂತಾದ್ರೂ ಕೊಡುವಾ" ಅಂತ ಬೆಂಗಳೂರು ಭಾವ ಹೇಳಿದ್ದೇ ತಡ, ಕಾಸರಗೋಡಿನ ಬದಿಯಡ್ಕದ ಆ ಜಗಲಿಯಲ್ಲಿ ಕವಳ ಹಾಕುತ್ತಿದ್ದವರೆಲ್ಲ ನೆಟ್ಟಗೆ ಕೂತರು. ಬೆಂಗಳೂರಿನ ಹೊಸಮನೆಯ ಒಕ್ಕಲು, ಅಂದರೆ ಗೃಹಪ್ರವೇಶ, ಮೇ ಕೊನೆಗೆ. ಬರುವವರು ಐವತ್ತು ಮನೆಯವರು. ಮನೆಗೊಂದು ಉಡುಗೊರೆಯ ಕಟ್ಟು. ಈಗಿನ್ನೂ ಮೇ ಮೊದಲ ವಾರ, ಕೈಯಲ್ಲಿ ಮೂರು ವಾರ ಉಂಟು ಅಂತ ಭಾವನ ಲೆಕ್ಕ.

"ಸಾಬೂನು ಮಾಡುವಾ. ಶುದ್ಧ ತೆಂಗಿನೆಣ್ಣೆಯದ್ದು. ಬೆಂಗಳೂರಲ್ಲಿ ಅದಕ್ಕೆ ಎಷ್ಟು ಮರ್ಯಾದೆ ಗೊತ್ತುಂಟಾ?"

ಮೇಷ್ಟ್ರಿಗೆ ಇಷ್ಟೇ ಬೇಕಿತ್ತು. ವಿಜ್ಞಾನ ಕಲಿಸಿ ನಿವೃತ್ತರಾದವರು, ಕೇಳುವವರು ಸಿಕ್ಕಿದರೆ ಬಿಡುವವರಲ್ಲ. "ಬರೆದುಕೊಳ್ಳಿ. ಅರ್ಧ ಕಿಲೋ ಎಣ್ಣೆ. ಒಂದು ಗ್ರಾಂ ತೆಂಗಿನೆಣ್ಣೆ ಪೂರ್ತಿ ಸಾಬೂನಾಗಲಿಕ್ಕೆ 0.183 ಗ್ರಾಂ ಕಾಸ್ಟಿಕ್ ಸೋಡ ಬೇಕು. ಐನೂರಕ್ಕೆ 91.5 ಆಯ್ತಾ? ಅಷ್ಟು ಹಾಕಬಾರದು."

"ಯಾಕೆ? ನೀವೇ ಬೇಕು ಅಂದ್ರಲ್ಲ?"

"ಪೂರ್ತಿ ಸಾಬೂನಾದ ತೆಂಗಿನೆಣ್ಣೆ ಕೊಳೆಯ ಒಟ್ಟಿಗೆ ಚರ್ಮದ ಜಿಡ್ಡನ್ನೂ ತೊಳೆದು ಬಿಡ್ತದೆ. ಪಾತ್ರೆಗೆ ಒಳ್ಳೇದು, ಮೈಗೆ ಅಲ್ಲ. ನೂರಕ್ಕೆ ಇಪ್ಪತ್ತು ಪಾಲು ಸೋಡ ಕಡಿಮೆ ಮಾಡಿ. 73 ಗ್ರಾಂ. ನೀರು 190 ಗ್ರಾಂ. ಎಲ್ಲ ತಕ್ಕಡಿಯಲ್ಲಿ ತೂಗಿ, ಚಮಚದ ಲೆಕ್ಕ ನಡೆಯುದಿಲ್ಲ. ಸೋಡವನ್ನು ನೀರಿಗೆ ಹಾಕಬೇಕು. ನೀರನ್ನು ಸೋಡದ ಮೇಲೆ ಹೊಯ್ದಿರೋ, ಕುದಿದು ಮೋರೆಗೆ ಹಾರ್ತದೆ. ಕೈಗೆ ಗವಸು, ಕಣ್ಣಿಗೆ ಕನ್ನಡಕ, ಕೆಲಸ ಅಂಗಳದಲ್ಲಿ."

"ಅಲ್ಯೂಮಿನಿಯಂ ಪಾತ್ರೆ ಒಂದು ಹಳತು ಉಂಟು" ಅಂದರು ಅತ್ತೆ, ಉದಾರವಾಗಿ.

"ಬೇಡ ಅಕ್ಕ, ಸೋಡ ಅದನ್ನು ತಿಂದು ಹೈಡ್ರೋಜನ್ ಬಿಡ್ತದೆ. ಸ್ಟೀಲಿನದ್ದು ಕೊಡಿ, ಕೊಟ್ಟ ಮೇಲೆ ಅಡಿಗೆಗೆ ವಾಪಸು ಕೇಳ್ಬೇಡಿ."

ಅತ್ತೆಯ ಔದಾರ್ಯ ಅಲ್ಲಿಗೆ ನಿಂತಿತು. ಮೇಷ್ಟ್ರು ನಿಲ್ಲಲಿಲ್ಲ. ಸೋಡದ ನೀರೂ ಎಣ್ಣೆಯೂ ಎರಡೂ ಉಗುರುಬೆಚ್ಚಗಿರುವಾಗ ಸೇರಿಸಿ, ದೋಸೆಹಿಟ್ಟಿನ ಹದಕ್ಕೆ ಬರುವವರೆಗೆ ಕಲಸಿ, ಅಚ್ಚಿಗೆ ಹೊಯ್ಯಬೇಕು. ಜನ ಎಡವುದು ಇದರ ನಂತರ ಅಂತೆ. ಬೇರೆ ಎಣ್ಣೆಯ ಸಾಬೂನನ್ನು ಮರುದಿನ ಕತ್ತರಿಸಬಹುದು. ತೆಂಗಿನೆಣ್ಣೆಯದ್ದು ನಾಲ್ಕೈದು ಗಂಟೆಗೇ ಗಟ್ಟಿಯಾಗಲಿಕ್ಕೆ ಶುರು. ಇನ್ನೂ ಬೆಚ್ಚಗಿರುವಾಗಲೇ ಕತ್ತಿ ಹಾಕದಿದ್ದರೆ ಮಾರನೇ ದಿನ ಬಿಲ್ಲೆ ಬಿಲ್ಲೆಯಾಗಿ ಬಾರದೆ ಚೂರು ಚೂರಾಗಿ ಉದುರುತ್ತದೆ.

"ಆಮೇಲೆ ಗಾಳಿಯಾಡುವಲ್ಲಿ ನಾಲ್ಕರಿಂದ ಆರು ವಾರ ಇಟ್ಟು..."

"ಒಕ್ಕಲಿಗೆ ಮೂರೇ ವಾರ ಮೇಷ್ಟ್ರೇ!"

"ಹಾಗಾದ್ರೆ ಆಗ್ಲಿಕ್ಕಿಲ್ಲ" ಅಂದರು ಮೇಷ್ಟ್ರು, ಇಷ್ಟು ಹೊತ್ತು ಹೇಳಿದ್ದಕ್ಕೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲದೆ. "ನೀರು ಆರ್ಲೇ ಬೇಕಲ್ಲ. ಆರದ್ದನ್ನು ಕೊಟ್ರೆ ಬಚ್ಚಲಲ್ಲಿ ಒಂದೇ ವಾರಕ್ಕೆ ಕರಗಿ ಲೋಳೆ."

ಮೂಲೆಯಲ್ಲಿ ಕೂತಿದ್ದ ಅಡಿಗೆ ಭಟ್ರು ಈಗ ಬಾಯಿ ಬಿಟ್ಟರು. "ನೋಡಿ ಭಾವ, ಸಾಬೂನೇ ಆಗ್ಲಿ ಸಂಡಿಗೆಯೇ ಆಗ್ಲಿ, ದೂರಕ್ಕೆ ಕಳಿಸುವ ವಸ್ತುವಿಗೆ ಶತ್ರು ಒಂದೇ. ನೀರು. ನಿಮ್ಮ ಪ್ರೀತಿ ಎಷ್ಟು ಬೇಕಾದ್ರೂ ಇರ್ಲಿ, ನೀರು ಮಾತ್ರ ಒಳಗೆ ಇರ್ಬಾರ್ದು."

"ಹಾಗಾದ್ರೆ ಅಪ್ಪ ಸುಡುವಾ? ಮಧೂರು ದೇವಸ್ಥಾನದ ಹಾಗೆ..."

"ಮಧೂರಿನ ಮೂಡಪ್ಪ ಸೇವೆಯ ಹಾಗೆ ಗಣಪತಿಯನ್ನೇ ಮುಚ್ಚುವಷ್ಟು ಅಪ್ಪ ಸುಟ್ಟು ಕೊಡ್ತೇನೆ, ಇಲ್ಲೇ ತಿನ್ನುದಾದ್ರೆ. ಬಾಳೆಹಣ್ಣು ಹಾಕಿದ ಹಿಟ್ಟು. ಎರಡು ಮೂರು ದಿನ ಕಳೆದ್ರೆ ಮುರಿಯುವಾಗ ನೂಲು ಬರ್ತದೆ. ಬೆಂಗಳೂರಿನವರು ಅದನ್ನು ಚೀಸ್ ಅಂತ ತಿಳಿದಾರು."

ಪುನರ್ಪುಳಿ (ಕೋಕಂ) ಶರಬತ್ತಿನ ಮಾತು ಬಂತು. ಹಣ್ಣಿನ ಕಾಲವೇ ಹೌದು. ಒಂದು ಕಿಲೋ ಸಿಪ್ಪೆಗೆ ಎರಡು ಕಿಲೋ ಸಕ್ಕರೆ, ಗಾಜಿನ ಭರಣಿಯಲ್ಲಿ ಪದರಪದರವಾಗಿ ಹಾಕಿ, ಸಕ್ಕರೆ ಪೂರ್ತಿ ಕರಗುವವರೆಗೆ ಒಂದು ವಾರ ಬಿಸಿಲು. ತಾಮ್ರ, ಅಲ್ಯೂಮಿನಿಯಂ ತಾಗಿಸಬಾರದು, ಹುಳಿ ಲೋಹವನ್ನು ಕರಗಿಸುತ್ತದೆ. ಸೋಸಿ ಹಾಕುವ ಕುಪ್ಪಿಯಲ್ಲಿ ಒಂದು ಹನಿ ನೀರು ಉಳಿದರೂ ಮೇಲೆ ಬಿಳಿ ಬೂಷ್ಟು. ಅಡ್ಡಿಯಿಲ್ಲದ ವಸ್ತು. ಆದರೆ ಐವತ್ತು ಗಾಜಿನ ಕುಪ್ಪಿ ಘಾಟಿಯ ತಿರುವಿನಲ್ಲಿ? ಭಾವ ತನ್ನ ಕಾರಿನ ಸೀಟನ್ನು ನೆನೆಸಿಕೊಂಡು ಸುಮ್ಮನಾದ.

"ಕಾಯಿ ಚಿಪ್ಸ್ ಮಾಡಿ" ಅಂದರು ಮೇಷ್ಟ್ರು. "ನಮ್ಮ ಕುಡ್ಲಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಸಿ.ಪಿ.ಸಿ.ಆರ್.ಐ. ಹೇಳಿಕೊಟ್ಟ ವಿಧಾನವೇ ಉಂಟು. 1916ರಿಂದ ತೆಂಗನ್ನೇ ನೋಡುತ್ತಾ ಬಂದ ಜಾಗ ಅದು. ತೆಳ್ಳಗೆ ಹೆರೆದ ಕಾಯಿ ಹೋಳನ್ನು ಸಕ್ಕರೆ ಪಾಕದಲ್ಲಿ ನೆನೆಸಿ ಒಣಗಿಸುದು. ಪಾಕ ಹೋಳಿನ ನೀರನ್ನು ಹೊರಗೆ ಎಳೀತದೆ."

"ಒಣಗಿಸುದು ಎಲ್ಲಿ?"

"ಡ್ರೈಯರಿನಲ್ಲಿ."

"ಅದು ಎಲ್ಲಿ?"

"ಅವರಲ್ಲಿ."

ಆ ಪ್ರಸ್ತಾಪ ಹಾಗೆ ಮುಗಿಯಿತು.

ಭಟ್ರಿಗೆ ಬಾಳೆಕಾಯಿ ಚಿಪ್ಸಿನ ಮೇಲೆಯೇ ಮನಸ್ಸು. ಬಲಿತ ನೇಂದ್ರ ಬೇಕು, ಆದರೆ ಹಣ್ಣಿನ ಕಡೆಗೆ ಒಂದು ಹೆಜ್ಜೆಯೂ ಇಟ್ಟಿರಬಾರದು. ಸಿಪ್ಪೆ ತೆಗೆದು, ಲೀಟರ್ ನೀರಿಗೆ ಅರ್ಧ ಚಮಚ ಅರಸಿನ ಹಾಕಿ ಕಾಲು ಗಂಟೆ ಮುಳುಗಿಸಿಟ್ಟರೆ ಕಾಯಿಯ ಮೇಣ ಹೋಗಿ ಬಣ್ಣ ಕಪ್ಪಾಗುವುದಿಲ್ಲ. ಆಮೇಲೆ ಬಟ್ಟೆಯಲ್ಲಿ ಒರೆಸಿ, ಕಾದ ತೆಂಗಿನೆಣ್ಣೆಗೆ ನೇರ ಹೆರೆಯುವುದು. ಮೊದಲೇ ಹೆರೆದು ರಾಶಿ ಹಾಕಿದರೆ ಒಂದಕ್ಕೊಂದು ಅಂಟಿ ಗಂಟು.

"ಉಪ್ಪು ಯಾವಾಗ?"

"ಅರ್ಧ ಬೆಂದಾಗ. ಕಾಲು ಲೋಟ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ, ಒಂದು ಒಬ್ಬೆಗೆ, ಅಂದ್ರೆ ಒಂದು ಸಲ ಕಾಯಿಸುವಷ್ಟಕ್ಕೆ, ಅದರಲ್ಲಿ ಒಂದು ಸಣ್ಣ ಚಮಚ ಎಣ್ಣೆಗೇ ಹಾಕುದು."

"ಎಣ್ಣೆಗೆ ನೀರಾ? ಈಗಷ್ಟೇ ನೀರು ಶತ್ರು ಅಂದ್ರಿ!"

"ಈ ನೀರು ಬರುದು ಉಪ್ಪನ್ನು ಒಳಗೆ ಬಿಟ್ಟು ಆವಿಯಾಗಿ ಹೋಗ್ಲಿಕ್ಕೆ ಮಾರಾಯ್ರೆ, ಕೂತುಕೊಳ್ಳಲಿಕ್ಕೆ ಅಲ್ಲ. ಎಣ್ಣೆ ಬೊಬ್ಬೆ ಹಾಕ್ತದೆ, ಅದಕ್ಕೇ ಸಣ್ಣ ಚಮಚ, ಅದಕ್ಕೇ ದೂರ ನಿಲ್ಲುದು. ಬೊಬ್ಬೆ ಇಳಿದು ಶಬ್ದ ನಿಂತಾಗ ತೆಗೀಬೇಕು. ಶಬ್ದ ಇದ್ರೆ ಒಳಗೆ ನೀರು ಇನ್ನೂ ಉಂಟು ಅಂತ ಅರ್ಥ. ಕಣ್ಣಿನಿಂದ ಅಲ್ಲ, ಕಿವಿಯಿಂದ ಕಾಯಿಸುದು."

"ನಮ್ಮ ಮಲಯಾಳಿ ನೆರೆಕರೆಯವರು ಓಣಂಗೆ ಕೊಡ್ತಾರಲ್ಲ, ಬೆಲ್ಲದ್ದು?"

"ಶರ್ಕರೆ ಉಪ್ಪೇರಿ. ಅದೂ ಇದೇ ಕಾಯಿ, ಬೆರಳು ದಪ್ಪದ ಹೋಳು, ಸಣ್ಣ ಉರಿಯಲ್ಲಿ ಇಪ್ಪತ್ತು ಇಪ್ಪತ್ತೈದು ನಿಮಿಷ. ಅರ್ಧ ಕಿಲೋ ಕಾಯಿಸಿದ ಹೋಳಿಗೆ ಕಾಲು ಕಿಲೋ ಬೆಲ್ಲ, ಎರಡೆಳೆ ಪಾಕ. ಒಲೆಯಿಂದ ಇಳಿಸಿ ಒಂದು ಚಮಚ ಶುಂಠಿ ಹುಡಿ, ಅರ್ಧ ಚಮಚ ಜೀರಿಗೆ ಹುಡಿ, ಏಲಕ್ಕಿ. ಹೋಳು ಬಿಡಿಬಿಡಿಯಾಗ್ಲಿಕ್ಕೆ ಕೊನೆಗೆ ಸಕ್ಕರೆ ಹುಡಿ. ಪಾಕ ಎಳಸಾದ್ರೆ ಮೂರನೇ ದಿನ ಎಲ್ಲ ಸೇರಿ ಒಂದು ಇಟ್ಟಿಗೆ."

ಭಾವ ತಲೆದೂಗಿದ. ಸಂಜೆ ಕಾಯಿಸಿ, ಬಿಸಿಬಿಸಿ ಪ್ಯಾಕೆಟ್ ಕಟ್ಟಿ, ರಾತ್ರಿ ಬಸ್ಸಿಗೆ ಹಾಕುವ ಯೋಜನೆ ಹೇಳಿದ. ಭಟ್ರು ಹಣೆ ಚಚ್ಚಿಕೊಂಡರು. ಬಿಸಿಯಲ್ಲಿ ಬಾಯಿ ಕಟ್ಟಿದರೆ ಆವಿ ಒಳಗೇ ಬೆವರಾಗಿ ಇಳಿಯುತ್ತದೆ, ಬೆಂಗಳೂರು ಮುಟ್ಟುವಾಗ ಚಿಪ್ಸ್ ಚರ್ಮದ ಹಾಗೆ. ಪೂರ್ತಿ ತಣಿಯದೆ ಕಟ್ಟಲೇಬಾರದು.

ಇಷ್ಟು ಹೊತ್ತು ಅಡಿಕೆ ಹೋಳು ಮಾಡುತ್ತಿದ್ದ ಅತ್ತೆ ಕತ್ತರಿ ಕೆಳಗಿಟ್ಟರು. "ಎಲ್ಲ ಆಯ್ತಾ? ಹಲಸಿನ ಹಪ್ಪಳ ಮಾಡು. ಕಾಯಿಸದೆ ಕೊಡು, ಬೇಕಾದಾಗ ಅವರೇ ಕಾಯಿಸಿ ತಿಂತಾರೆ. ವರ್ಷ ಇಡೀ ಇರ್ತದೆ, ಒಡೆಯುದಿಲ್ಲ, ಚೆಲ್ಲುದಿಲ್ಲ."

ಜಗಲಿ ಮೌನವಾಯಿತು. ಈ ಊರಲ್ಲಿ ಇದಕ್ಕೆ ಎದುರು ಮಾತಾಡುವವರಿಲ್ಲ.

"ಗಟ್ಟಿ ಸೊಳೆಯ ಬಕ್ಕೆ ಹಲಸು ನೋಡಿ ಕೊಯ್ಯಬೇಕು" ಅಂತ ಅತ್ತೆ ಮುಂದುವರಿಸಿದರು. "ಎಳೆ ಗುಜ್ಜೆಯಾದ್ರೆ ಹಿಟ್ಟು ಅಂಟುದಿಲ್ಲ, ಒಣಗಿದ ಮೇಲೆ ಒಡೀತದೆ. ಹಣ್ಣಾಗ್ಲಿಕ್ಕೆ ಹೊರಟದ್ದಾದ್ರೆ ಒಳಗೆ ಸಿಹಿ ಬಂದಿರ್ತದೆ, ಎಣ್ಣೆಗೆ ಬಿದ್ದ ಕೂಡಲೇ ಕೆಂಪಾಗಿ ಕಹಿ. ಬೆಳೆದ ಕಾಯಿಯೇ ಬೇಕು. ಸೊಳೆಯನ್ನು ಅಟ್ಟಿನಳಗೆಯಲ್ಲಿ ಆವಿಯಲ್ಲೇ ಬೇಯಿಸುದು, ನೀರಲ್ಲಿ ಅಲ್ಲ."

"ಕುಕ್ಕರಿಗೆ ಸ್ವಲ್ಪ ನೀರು ಹಾಕಿ ಎರಡು ವಿಸಿಲ್..."

"ಭಟ್ರೇ, ಇವನಿಗೆ ನೀವೇ ಹೇಳಿ."

"ನೀರು ಕುಡಿದ ಸೊಳೆ ಪಾಯಸಕ್ಕೆ" ಅಂದರು ಭಟ್ರು, ಚುಟುಕಾಗಿ.

"ಬೆಂದದ್ದನ್ನು ಬಿಸಿ ಇರುವಾಗಲೇ ಗುದ್ದಬೇಕು, ತಣಿದ್ರೆ ಗಂಟು ಉಳೀತದೆ. ಕಿಲೋ ಸೊಳೆಗೆ ಎರಡು ಸಣ್ಣ ಚಮಚ ಉಪ್ಪು, ಮೆಣಸಿನ ಹುಡಿ, ಜೀರಿಗೆ. ಹಿಟ್ಟು ಬಾಯಿಗೆ ಸಪ್ಪೆ ಅನಿಸ್ಬೇಕು. ಒಣಗುವಾಗ ನೀರು ಹೋಗ್ತದೆ, ಉಪ್ಪು ಹೋಗುದಿಲ್ಲ. ನಿಂಬೆಗಾತ್ರದ ಉಂಡೆ ಮಾಡಿ, ಎಣ್ಣೆ ಹಚ್ಚಿದ ಎರಡು ಪ್ಲಾಸ್ಟಿಕ್ ಹಾಳೆಯ ಮಧ್ಯೆ ಒತ್ತು. ನಡು ದಪ್ಪವಾದ್ರೆ ಅಂಚು ಕಾಯ್ವಾಗ ನಡು ಹಸಿ. ಮೊದಲ ದಿನ ಮಧ್ಯಾಹ್ನ ಒಮ್ಮೆ ಮಗುಚಿ ಹಾಕು. ಮೂರು ಒಳ್ಳೆ ಬಿಸಿಲು. ಮುರಿದಾಗ ಟಕ್ಕ ಅನ್ಬೇಕು, ಬಳುಕಿದ್ರೆ ಇನ್ನೊಂದು ಬಿಸಿಲು."

ಮೇಷ್ಟ್ರು ಲೆಕ್ಕಕ್ಕೆ ಇಳಿದರು. ಮನೆಗೆ ಹತ್ತು, ಐವತ್ತು ಮನೆಗೆ ಐನೂರು. ಉಂಡೆಗೆ 25 ಗ್ರಾಂ ಅಂದರೆ ಕಿಲೋಕ್ಕೆ ನಲವತ್ತು, ಒಟ್ಟು ಹನ್ನೆರಡೂವರೆ ಕಿಲೋ ಸೊಳೆ. ಹತ್ತು ಕಿಲೋದ ಹಲಸಿನಲ್ಲಿ ರೆಚ್ಚೆ, ಬೀಜ ಕಳೆದು ಮೂರು ಕಿಲೋ ಸಿಕ್ಕಿದರೆ ಪುಣ್ಯ. ಹಾಗಾದರೆ ಐದು ಹಲಸು. ಅರ್ಧ ಗೇಣಿಗಿಂತ ಚೂರು ದೊಡ್ಡ ಹಪ್ಪಳ ಐನೂರು ಹರಡಲಿಕ್ಕೆ ಆರಡಿ ಮೂರಡಿಯ ಚಾಪೆ ಐದು.

"ಚಾಪೆಯಲ್ಲಿ ಕಾಗೆ ಬಾರದ ಹಾಗೆ ಕೂರಲಿಕ್ಕೆ ಒಬ್ಬ" ಅಂತ ಭಟ್ರು ಸೇರಿಸಿದರು. ಎಲ್ಲರೂ ಮೇಷ್ಟ್ರನ್ನು ನೋಡಿದರು.

ಕಟ್ಟುವುದಕ್ಕೆ ಭಾವ ಬಣ್ಣದ ಪೆಟ್ಟಿಗೆ, ರಿಬ್ಬನ್ ಅಂದ. ಅತ್ತೆ ಅಡಿಕೆ ಹಾಳೆ ಅಂದರು. ಬಿದ್ದ ದಿನವೇ ಹೆಕ್ಕಿದ್ದು ಬೇಕು, ನೆಲದ ಪಸೆಯಲ್ಲಿ ಬಿದ್ದುಕೊಂಡರೆ ಕಪ್ಪು ಚುಕ್ಕೆ. ಅರ್ಧ ಗಂಟೆ ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆಯೇ ಮಡಿಸಬೇಕು, ಒಣಗಿದ್ದು ಎಳೆಯುದ್ದಕ್ಕೆ ಸೀಳುತ್ತದೆ. ಮೂಲೆಗೆ ಹಿಡಿಸೂಡಿಕಡ್ಡಿ ಚುಚ್ಚಿ, ಭಾರ ಇಟ್ಟು, ಎರಡು ದಿನ ಬಿಸಿಲು. "ನೆನೆಸಿದ್ದು ಪೂರ್ತಿ ಒಣಗದೆ ಹಪ್ಪಳ ಒಳಗಿಟ್ಟೀಯ, ಮತ್ತೆ ನೀರೇ" ಅಂತ ಭಟ್ರು ಬೆರಳೆತ್ತಿದರು.

ಚೀಟಿಯಲ್ಲಿ ಏನು ಬರೆಯುವುದೆಂದು ಚರ್ಚೆಯಾಯಿತು. ಕವನ ಬರೆಸುವ ಭಾವನ ಆಸೆ ಒಂದು ಮತವೂ ಸಿಗದೆ ಸೋತಿತು. ಮಾಡಿದ ತಾರೀಕು, 'ಎಣ್ಣೆ ಚೆನ್ನಾಗಿ ಕಾಯಲಿ', 'ಮಳೆಗಾಲದಲ್ಲಿ ಡಬ್ಬದ ಮುಚ್ಚಳ ಗಟ್ಟಿ ಹಾಕಿ'. ಇಷ್ಟು ಸಾಕೆಂದು ತೀರ್ಮಾನ.

"ಹಾಗಾದ್ರೆ ನಾಳೆ ಬೆಳಗ್ಗೆ ಶುರು. ನಾನು ಎಂತ ಮಾಡ್ಲಿ ಅತ್ತೆ?"

"ಹಲಸು ತುಂಡು ಮಾಡು. ಕತ್ತಿಗೂ ಕೈಗೂ ತೆಂಗಿನೆಣ್ಣೆ ಹಚ್ಚಿಕೋ, ಮೇಣ ಹಿಡಿದ್ರೆ ಸಾಬೂನಿನಲ್ಲಿ ಹೋಗುದಿಲ್ಲ. ಆ ಗಡಿಯಾರ ಬಿಚ್ಚಿಡು. ಮತ್ತೆ ಆ ಬಿಳಿ ಅಂಗಿ ಎಂತಕ್ಕೆ? ಮಾವನ ಹಳೆ ಬೈರಾಸು ಅಲ್ಲಿ ಉಂಟು, ಸುತ್ತಿಕೋ."