ಹುಲಿ ಉಳಿಸ್ತೀವಿ ಅನ್ನೋರಲ್ಲಿ ಯಾರಿಗೆ ದುಡ್ಡು ಕೊಡೋದು?

ಪ್ರಶ್ನೆ:
ಮೇಡಂ ನಮಸ್ತೆ. ನಮ್ಮ ಅಪಾರ್ಟ್‌ಮೆಂಟ್ ಕನ್ನಡ ಸಂಘದಲ್ಲಿ ರಾಜ್ಯೋತ್ಸವಕ್ಕೆ ಎತ್ತಿದ ದುಡ್ಡಲ್ಲಿ 85 ಸಾವಿರ ಉಳಿದಿದೆ. 2025ರ ಜೂನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಲ್ಲಿ ತಾಯಿಹುಲಿ ನಾಲ್ಕು ಮರಿ ವಿಷಕ್ಕೆ ಸತ್ವಲ್ಲ, ಆವಾಗಿಂದ ಹುಲಿಗೇ ಕೊಡಬೇಕು ಅಂತ ಮಕ್ಕಳದ್ದು ಒಂದೇ ಹಠ. ಮೂರು ಸಂಸ್ಥೆ ಹೆಸರು ಬಂದಿದೆ. ಒಂದರ ರೀಲ್ಸ್ ನೋಡಿದ್ರೆ ಕಣ್ಣಲ್ಲಿ ನೀರು ಬರುತ್ತೆ, ಇನ್ನೊಂದು ಸಾವಿರ ರೂಪಾಯಿಗೆ ಹತ್ತು ಗಿಡ ಕಾಡಲ್ಲಿ ನೆಡ್ತೀವಿ ಅಂತಾರೆ, ಮೂರನೇದು ಗುಂಡ್ಲುಪೇಟೆ ಕಡೆ ಸಣ್ಣ ಟ್ರಸ್ಟು, ವೆಬ್‌ಸೈಟೂ ನೆಟ್ಟಗಿಲ್ಲ, ಅದ್ರ ಮೇಲೆ ಖರ್ಚಲ್ಲಿ 60 ಪರ್ಸೆಂಟ್ ಸಂಬಳಕ್ಕೇ ಹೋಗುತ್ತಂತೆ. ನೀವು ಟ್ರಸ್ಟ್‌ಗಳ ಆಡಿಟ್ ಮಾಡೋರು, ಏನು ನೋಡಿ ಡಿಸೈಡ್ ಮಾಡ್ಬೇಕು ಹೇಳಿ.

ಉತ್ತರ:
ನಮಸ್ತೆ ಸರ್. ಸಂಬಳದ ವಿಷಯ ಮೊದ್ಲು ಹೇಳ್ಬಿಡ್ತೀನಿ ಯಾಕಂದ್ರೆ ಎಲ್ರೂ ಎಡವೋದು ಅಲ್ಲೇ. ಕಾಡಂಚಿನ ಕೆಲಸದಲ್ಲಿ ಇಟ್ಟಿಗೆ ಸಿಮೆಂಟ್ ಇಲ್ಲ, ಊರೂರು ಬೈಕಲ್ಲಿ ಸುತ್ತೋ ಹುಡುಗರೇ ಕೆಲಸ, ಹಂಗಾಗಿ ಸಂಬಳ ಜಾಸ್ತಿ ಕಂಡ್ರೆ ಗಾಬರಿ ಬೇಡ. ಆ ಸಂಬಳ ಯಾರಿಗೆ ಅಂತ ಕೇಳಿ. ಫೀಲ್ಡಲ್ಲಿರೋ ಹತ್ತು ಜನಕ್ಕಾ ಇಲ್ಲಾ ಅಧ್ಯಕ್ಷರು, ಅವರ ಮನೆಯವರು, ಭಾಮೈದನಿಗಾ? ಟ್ರಸ್ಟಿ ಮನೆಯನ್ನೇ ಆಫೀಸ್ ಮಾಡ್ಕೊಂಡು ಬಾಡಿಗೆ ತಗೊಳೋದೂ ನೋಡಿದ್ದೀನಿ, ಅದೆಲ್ಲ ಆಡಿಟ್ ರಿಪೋರ್ಟಲ್ಲಿ ಇರುತ್ತೆ, ನಾವು ಓದಲ್ಲ ಅಷ್ಟೆ.

ಒಂದ್ಸಲ ಒಂದು ಸಂಸ್ಥೆ ವೋಚರ್ ನೋಡ್ತಾ ಇದ್ದೆ, ಹೆಸರು ಬೇಡ. "ಫೀಲ್ಡ್ ವಿಸಿಟ್" ಅಂತ ಸಾಲು ಸಾಲು ಎಂಟ್ರಿ, ಬಿಲ್ ತೆಗೆದ್ರೆ ಅಷ್ಟೂ ರೆಸಾರ್ಟಿಂದು, ಜೊತೆಗೆ ಕ್ಯಾಮೆರಾ ಲೆನ್ಸ್ ಬಾಡಿಗೆ. ಅದೇ ವರ್ಷ ಇನ್ನೊಂದು ಸಣ್ಣ ಟ್ರಸ್ಟಿನ ಫೈಲು ಬಂತು. ಬರೀ ಬಸ್ ಟಿಕೆಟು, ಪೆಟ್ರೋಲ್ ಚೀಟಿ, 40 ರೂಪಾಯಿ ಜೆರಾಕ್ಸು. ಯಾರದ್ದಪ್ಪಾ ಇಷ್ಟೊಂದು ಜೆರಾಕ್ಸ್ ಅಂತ ಕೇಳಿದ್ರೆ ಒಂದು ಉದ್ದನೆ ಲೆಡ್ಜರ್ ಬುಕ್ ತಂದಿಟ್ರು. ಯಾವ ಊರು, ಯಾರ ಹಸು, ಯಾವತ್ತು ಹುಲಿ ಹೊಡೀತು, ಡಾಕ್ಟ್ರು ಸರ್ಟಿಫಿಕೇಟ್ ಕೊಟ್ಟಿದ್ದು ಯಾವತ್ತು, ಅರಣ್ಯ ಇಲಾಖೆ ರೇಂಜ್ ಆಫೀಸಿಗೆ ಅರ್ಜಿ ಕೊಟ್ಟಿದ್ದು, ಕೊನೇ ಕಾಲಮ್ಮಲ್ಲಿ ಸರ್ಕಾರದ ಪರಿಹಾರ ರೈತನ ಖಾತೆಗೆ ಬಿದ್ದ ತಾರೀಕು. ಸುಮಾರು ಕಡೆ ಆ ಕೊನೇ ಕಾಲಮ್ ಖಾಲಿ. ದುಡ್ಡು ಬರದಿದ್ದನ್ನೂ ಮುಚ್ಚಿಟ್ಟಿರಲಿಲ್ಲ, ಆ ಖಾಲಿ ನೋಡೇ ನಂಗೆ ನಂಬಿಕೆ ಬಂತು ನೋಡಿ.

ಮಲೆ ಮಹದೇಶ್ವರ ಬೆಟ್ಟದ್ದು ನೀವೇ ಹೇಳಿದ್ರಲ್ಲ, ಹುಲಿ ಹಸು ಹೊಡೀತು, ಆ ಹಸುವಿನ ಹೆಣಕ್ಕೇ ವಿಷ ಹಾಕಿದ್ರು, ಹುಲಿ ಮರಿ ಕರ್ಕೊಂಡು ತಿನ್ನೋಕೆ ಬಂತು. ಹಂಗಿರೋವಾಗ ಹಸು ಕಳ್ಕೊಂಡ ಮನೆಗೆ ಅದೇ ದಿನ ಒಬ್ಬ ಮನುಷ್ಯ ಹೋಗಿ ಕಾಗದಪತ್ರ ಮಾಡಿಸಿಕೊಡೋದು ಇದ್ಯಲ್ಲ, ರೀಲ್ಸಲ್ಲಿ ಚೆನ್ನಾಗಿ ಕಾಣಲ್ಲ, ಆದ್ರೆ ಹುಲಿ ಉಳಿಯೋ ಕೆಲಸ ಅದೇ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್‌ನವರು 2015ರಿಂದ ಬಂಡೀಪುರ, ನಾಗರಹೊಳೆ ಸುತ್ತ ವೈಲ್ಡ್ ಸೇವೆ ಅಂತ ಟೋಲ್ ಫ್ರೀ ನಂಬರ್ ಇಟ್ಟು ಇದನ್ನೇ ಮಾಡ್ತಿರೋದು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು ತಮಿಳುನಾಡಿನ ವಾಲ್ಪಾರೈಯಲ್ಲಿ ಆನೆ ಎಲ್ಲಿದೆ ಅಂತ ತೋಟದ ಜನಕ್ಕೆ ಎಸ್ಸೆಮ್ಮೆಸ್ ಕಳಿಸೋದು, ಕೆಂಪು ಲೈಟ್ ಹಚ್ಚೋದು ಮಾಡಿದ್ರು. ಇವರಿಗೇ ಕೊಡಿ ಅಂತಲ್ಲ, ಇಂಥಾ ಕೆಲಸ ಹುಡುಕಿ ಅಂತ.

ಗಿಡ ನೆಡೋರನ್ನ ಬಿಟ್ಬಿಡಿ. ಬಂಡೀಪುರಕ್ಕೆ ಗಿಡದ ಬರ ಇಲ್ಲ, ಲಂಟಾನ ಅನ್ನೋ ಕಳೆ ಪೊದೆ ಮುಚ್ಕೊಂಡು ಹುಲ್ಲಿಗೇ ಜಾಗ ಇಲ್ಲದಿರೋದು ಅಲ್ಲಿ ತಲೆನೋವು, ಅಲ್ದೆ ಇಲಾಖೆ ಪರ್ಮಿಶನ್ ಇಲ್ದೆ ಯಾರೂ ಒಳಗೆ ಹೋಗಿ ಗಿಡ ನೆಡಂಗಿಲ್ಲ. ರೀಲ್ಸ್‌ನೋರು ಚಿರತೆ ಮರಿ ತೊಡೆ ಮೇಲೆ ಕೂರಿಸ್ಕೊಂಡು ಬಾಟ್ಲಿ ಹಾಲು ಕುಡಿಸ್ತಿದ್ರೆ ಒಂದೇ ಪ್ರಶ್ನೆ ಕೇಳಿ, ಸೆಂಟ್ರಲ್ ಝೂ ಅಥಾರಿಟಿ ಮಾನ್ಯತೆ ಇದ್ಯಾ? ಅದಿಲ್ದೆ ರೆಸ್ಕ್ಯೂ ಸೆಂಟರ್ ನಡೆಸೋ ಹಂಗಿಲ್ಲ.

ಇನ್ನೊಬ್ಬರು:
ಮೇಡಂ ಈ ತಲೆನೋವೇ ಬೇಡ, ಮೈಸೂರು ಝೂನಲ್ಲಿ ಒಂದು ಪ್ರಾಣಿ ದತ್ತು ತಗೊಂಡ್ರೆ ಆಗಲ್ವಾ? ಸರ್ಟಿಫಿಕೇಟೂ ಕೊಡ್ತಾರೆ.

ಉತ್ತರ:
ಧಾರಾಳವಾಗಿ ತಗೊಳ್ಳಿ, ಕೋವಿಡ್ ಟೈಮಲ್ಲಿ ಗೇಟ್ ಕಲೆಕ್ಷನ್ ಇಲ್ದೆ ಇದ್ದಾಗ ದತ್ತು ದುಡ್ಡು ಎಷ್ಟೋ ಆಸರೆ ಆಯ್ತು. ಆದ್ರೆ ಅದು ಬೋನಲ್ಲಿರೋ ಪ್ರಾಣಿ ಮೇವಿಗೆ, ಕಾಡಿಗಲ್ಲ. ಇಲಾಖೆ ಮೂಲಕವೇ ಕಾಡಿಗೆ ಅಂದ್ರೆ ಹುಲಿ ಸಂರಕ್ಷಿತ ಪ್ರದೇಶಗಳಿಗೆ ಒಂದೊಂದು ಟೈಗರ್ ಕನ್ಸರ್ವೇಶನ್ ಫೌಂಡೇಶನ್ ಅಂತ ಇರುತ್ತೆ, ಅಲ್ಲಿ ವಿಚಾರಿಸಿ.

ಮತ್ತೊಬ್ಬರು:
ನಾನು ನ್ಯೂಜೆರ್ಸಿಲಿರೋದು, ಈಗ ಅಲ್ಲಿನ ಪೌರತ್ವ, ಇಂಡಿಯಾಗೆ ಒಸಿಐ ಕಾರ್ಡ್. ಊರಿನ ಬ್ಯಾಂಕ್ ಖಾತೆಯಿಂದ ಕಳಿಸ್ಬಹುದಾ?

ಉತ್ತರ:
ಖಾತೆ ಎಲ್ಲಿದೆ ಅನ್ನೋದು ಲೆಕ್ಕಕ್ಕೆ ಬರಲ್ಲ. ಒಸಿಐ ಅಂದ್ರೆ ವಿದೇಶಿ ದೇಣಿಗೆ ಅಂತಲೇ ಲೆಕ್ಕ, ಆ ಸಂಸ್ಥೆಗೆ ಎಫ್‌ಸಿಆರ್‌ಎ, ಅಂದ್ರೆ ವಿದೇಶಿ ದೇಣಿಗೆ ತಗೊಳೋಕೆ ಕೇಂದ್ರ ಸರ್ಕಾರದ ಅನುಮತಿ, ಇರಲೇಬೇಕು, ದುಡ್ಡು ಹೋಗ್ಬೇಕಾಗಿರೋದು ದೆಹಲಿ ಸ್ಟೇಟ್ ಬ್ಯಾಂಕ್ ಮೇನ್ ಬ್ರಾಂಚಲ್ಲಿರೋ ಅವರ ಖಾತೆಗೆ. ಪರವಾಗಿಲ್ಲ ಸರ್ ನಮ್ಮ ಮಾಮೂಲಿ ಖಾತೆಗೇ ಹಾಕಿ ಅನ್ನೋರಿಗೆ ಕೊಡ್ಲೇಬೇಡಿ. ಇಂಡಿಯನ್ ಪಾಸ್‌ಪೋರ್ಟ್ ಇರೋ ಎನ್ನಾರೈಗಳಿಗೆ ಈ ರಗಳೆ ಇಲ್ಲ.

ಪ್ರಶ್ನೆ ಕೇಳಿದವರು:
ಮೇಡಂ, ಮೂರೂ ಕಡೆ ಫೋನ್ ಮಾಡಿದೆ. ರೀಲ್ಸ್‌ನೋರು 80ಜಿ ಇದೆ ಸರ್ ಟ್ಯಾಕ್ಸ್ ಉಳಿಯುತ್ತೆ ಅಂತ ಅದನ್ನೇ ಹೇಳಿದ್ರು, ಲೆಕ್ಕ ಕೇಳಿದ್ರೆ ಕಳಿಸ್ತೀವಿ ಅಂದು ಆರು ದಿನ ಆಯ್ತು. ಗಿಡದೋರು ಫೋನೇ ಎತ್ತಿಲ್ಲ. ಗುಂಡ್ಲುಪೇಟೆಯವರು ಆಡಿಟ್ ರಿಪೋರ್ಟಿನ ಫೋಟೋ ಅರ್ಧ ಗಂಟೆಲಿ ವಾಟ್ಸಾಪ್ ಮಾಡಿ, ಒಂದು ದಿನ ಬಂದು ನಮ್ಮ ಹುಡುಗರ ಜೊತೆ ಓಡಾಡಿ ಆಮೇಲೆ ಕೊಡಿ ಅಂದ್ರು.

ಉತ್ತರ:
80ಜಿ ಇರೋದು ಒಳ್ಳೇದೇ, ಆದ್ರೆ ಅದು ಒಳ್ಳೇ ಕೆಲಸದ ಸರ್ಟಿಫಿಕೇಟ್ ಅಲ್ಲ, ಸದಸ್ಯರು ತಮ್ಮ ಸ್ವಂತ ಹೆಸರಲ್ಲಿ ಕೊಟ್ರೂ ಟ್ಯಾಕ್ಸ್ ವಿನಾಯ್ತಿ ಹಳೇ ಟ್ಯಾಕ್ಸ್ ರೆಜೀಮಲ್ಲಿರೋರಿಗೆ ಮಾತ್ರ ಸಿಗೋದು, 2,000ದ ಮೇಲೆ ಕ್ಯಾಶಲ್ಲಿ ಕೊಟ್ರೆ ಅದೂ ಇಲ್ಲ. ಗುಂಡ್ಲುಪೇಟೆಗೆ ಹೋಗಿ ಬನ್ನಿ, ಪರಿಹಾರ ಬಂದಿರೋ ಮನೆ ಒಂದು, ಬರದೇ ಇರೋ ಮನೆ ಒಂದು, ಎರಡೂ ತೋರಿಸಿ ಅನ್ನಿ. ಅಷ್ಟೂ ಒಟ್ಟಿಗೆ ಬೇಡ, ಈ ಸಲ 40 ಸಾವಿರ ಕೊಟ್ಟು ಉಳಿದಿದ್ದು ಆರು ತಿಂಗಳ ಲೆಕ್ಕ ನೋಡಿ ಕೊಡಿ. ಆಡಿಟ್ ರಿಪೋರ್ಟ್ ಇಲ್ಲಿ ಹಾಕ್ಬೇಡಿ, ನಂಗೆ ಇನ್‌ಬಾಕ್ಸ್ ಮಾಡಿ, ರಿಟರ್ನ್ ಸೀಸನ್ನು, ಭಾನುವಾರ ಸಂಜೆ ನೋಡ್ತೀನಿ.