ಉಪವಾಸದ ಕೋಳಿಯ ಲಿವರಿನಲ್ಲಿ ಪೆಪ್‌ಸಿಕೆ (ಗ್ಲೂಕೋಸ್ ತಯಾರಿಯ ಎನ್‌ಜೈಮ್) ಏರುವುದಿಲ್ಲ, ಯಾಕೆ?

ಕೊಣಾಜೆ ಬಯೋಕೆಮ್: ಬ್ರಾಯ್ಲರ್ ಕೋಳಿಗಳಿಗೆ 4 ದಿನ ನೀರು ಮಾತ್ರ. ಎಥಿಕ್ಸ್ ಕಮಿಟಿಯ ಒಪ್ಪಿಗೆ ಉಂಟು. ಲಿವರಿನಲ್ಲಿ ಕೊಬ್ಬು ತಯಾರಿಗೆ ನೆರವಾಗುವ ಮ್ಯಾಲಿಕ್ ಎನ್‌ಜೈಮ್ ಚೆನ್ನಾಗಿ ಇಳಿದಿದೆ, ಅದು ಸರಿ. ಆದರೆ ಪೆಪ್‌ಸಿಕೆ ಅಲ್ಲಾಡಲಿಲ್ಲ. ಇಲಿಯಲ್ಲಾದರೆ ಏರುತ್ತದಲ್ಲ? ಮೈಟೊಕಾಂಡ್ರಿಯದ ಎನ್‌ಜೈಮ್ ಸಿಟ್ರೇಟ್ ಸಿಂಥೇಸ್ ಬೇರೆ ಗ್ರಾಂ ಲೆಕ್ಕದಲ್ಲಿ ಹೆಚ್ಚು ಕಾಣುತ್ತದೆ. ಎಲ್ಲಿ ತಪ್ಪಿದೆ?

ಮಣಿಪಾಲ ಸೆಂಟ್ರಿಫ್ಯೂಜ್: ಪೆಪ್‌ಸಿಕೆ ವಿಷಯದಲ್ಲಿ ತಪ್ಪೇನೂ ಇಲ್ಲ. ಕೋಳಿಯ ಲಿವರಿನಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಮೈಟೊಕಾಂಡ್ರಿಯದ ಒಳಗೇ ಇರುವುದು, ಆ ರೂಪ ಉಪವಾಸಕ್ಕೆ ಜಗ್ಗುವುದಿಲ್ಲ. ಏರುವುದು ಕಿಡ್ನಿಯ ಸೈಟೊಸಾಲಿನಲ್ಲಿ, ಅಂದರೆ ಜೀವಕೋಶದ ದ್ರವದಲ್ಲಿರುವ ರೂಪ. ಅಮೈನೊ ಆಮ್ಲಗಳಿಂದ ಗ್ಲೂಕೋಸ್ ಮಾಡುವುದರಲ್ಲಿ ಹಕ್ಕಿಯ ಕಿಡ್ನಿಗೆ ದೊಡ್ಡ ಪಾಲು ಉಂಟು. ಅದನ್ನು ಅಳೆಯಿರಿ. ಸೊಂಟದ ಎಲುಬಿನ ಗುಳಿಗಳಲ್ಲಿ ಹುದುಗಿರುತ್ತದೆ, ಎಳೆದರೆ ಹರಿಯುತ್ತದೆ, ಮೊಂಡು ಸ್ಪ್ಯಾಚುಲಾದಲ್ಲಿ ಮೆಲ್ಲ ಎಬ್ಬಿಸಬೇಕು. ಇನ್ನೊಂದು, ಲಿವರನ್ನು ಹೈಸ್ಪೀಡಿನಲ್ಲಿ ತಿರುಗಿಸಿ ಮೇಲಿನ ತಿಳಿಯನ್ನಷ್ಟೇ ಅಳೆದಿದ್ದರೆ ನಿಮ್ಮ ಪೆಪ್‌ಸಿಕೆ ಪೆಲೆಟ್ಟಿನಲ್ಲೇ (ತಳದ ಗಸಿಯಲ್ಲಿ) ಉಳಿದಿರುತ್ತದೆ. ಮೊದಲು 0.1% ಟ್ರೈಟಾನ್ ಎಂಬ ಡಿಟರ್ಜೆಂಟ್ ಹಾಕಿ ಮೈಟೊಕಾಂಡ್ರಿಯ ಒಡೆಯಿರಿ.

ಉಡುಪಿ ಕುಕ್ಕುಟ: ಸಿಟ್ರೇಟ್ ಸಿಂಥೇಸ್ ಬಗ್ಗೆ: ಗ್ರಾಂ ಲೆಕ್ಕ ನಂಬಬೇಡಿ. ಉಪವಾಸದಲ್ಲಿ ಲಿವರಿನ ಗ್ಲೈಕೊಜೆನ್, ಕೊಬ್ಬು, ನೀರು ಹೋಗಿ ಉಳಿದದ್ದು ಗಾಢವಾಗುತ್ತದೆ. ಲೆಕ್ಕಕ್ಕೆಂದು, 40 ಗ್ರಾಂ ಲಿವರಿನಲ್ಲಿ ಗ್ರಾಂಗೆ 10 ಯುನಿಟ್ ಅಂದರೆ ಒಟ್ಟು 400. ಅದು 22 ಗ್ರಾಂಗೆ ಕುಗ್ಗಿ ಗ್ರಾಂಗೆ 13 ಆದರೆ ಒಟ್ಟು 286. ಏರಿದಂತೆ ಕಂಡದ್ದು ನಿಜಕ್ಕೂ ಇಳಿದಿದೆ. ಇಡೀ ಲಿವರಿನ ತೂಕ ಬರೆದಿಟ್ಟಿದ್ದೀರಿ ತಾನೆ?

ಡಿಎನ್‌ಎ ಲೆಕ್ಕಕ್ಕೆ (ಗ್ರಾಂ ಬದಲು ಡಿಎನ್‌ಎಗೆ ಇಷ್ಟು ಎಂದು) ಹೋಗುವುದಾದರೆ ಎಚ್ಚರ. ಹಕ್ಕಿಯ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಉಂಟು, ಮೈಟೊಕಾಂಡ್ರಿಯವೂ ಉಂಟು. ತಣ್ಣನೆಯ ಸಲೈನ್ ಹಾಯಿಸಿ ಲಿವರ್ ಮಾಸಲು ಬಣ್ಣಕ್ಕೆ ಬರುವವರೆಗೆ ರಕ್ತ ತೊಳೆಯದಿದ್ದರೆ ಡಿಎನ್‌ಎ, ಸಿಟ್ರೇಟ್ ಸಿಂಥೇಸ್ ಎರಡೂ ಲೆಕ್ಕ ಕೆಡುತ್ತದೆ. ಸಿಟ್ರೇಟ್ ಸಿಂಥೇಸನ್ನು ಡಿಟಿಎನ್‌ಬಿ (ಥಯಾಲ್ ಗುಂಪು ಸಿಕ್ಕರೆ ಹಳದಿಯಾಗುವ ರಾಸಾಯನಿಕ) ಹಾಕಿ 412 ನ್ಯಾನೊಮೀಟರಿನಲ್ಲಿ ಓದುವವರಾದರೆ ಬಫರಿನಲ್ಲಿ ಡಿಟಿಟಿ (ಥಯಾಲ್ ಇರುವ ರಾಸಾಯನಿಕ) ಇರಲೇಬಾರದು, ಕ್ರಿಯೆ ಶುರುಮಾಡುವ ಆಕ್ಸಲೋಅಸಿಟೇಟ್ ಹಾಕುವ ಮೊದಲೇ ಕ್ಯೂವೆಟ್ ಹಳದಿಯಾಗುತ್ತದೆ.

ಸುರತ್ಕಲ್ ಫಿಸಿಯಾಲಜಿ: 4 ದಿನ ಎನ್ನುವುದಕ್ಕಿಂತ ಕೋಳಿ ಯಾವ ಹಂತದಲ್ಲಿತ್ತು ಎನ್ನುವುದು ಮುಖ್ಯ. ಮೊದಲ ಹಂತದಲ್ಲಿ ಗ್ಲೈಕೊಜೆನ್ ಮುಗಿಯುತ್ತದೆ, ಎರಡನೆಯದರಲ್ಲಿ ಕೊಬ್ಬು ಉರಿದು ಪ್ರೋಟೀನ್ ಉಳಿಯುತ್ತದೆ. ಕೊಬ್ಬು ತಳ ಕಂಡಾಗ ಮೂರನೆಯದು: ಒತ್ತಡದ ಹಾರ್ಮೋನು ಕಾರ್ಟಿಕೊಸ್ಟೆರೋನ್ ಏರಿ ಎದೆಯ ಸ್ನಾಯು ಕರಗುತ್ತದೆ. ಎಂಪರರ್ ಪೆಂಗ್ವಿನ್ ಗಂಡು ಸುಮಾರು 4 ತಿಂಗಳು ತಿನ್ನದೆ ಇದ್ದು, ಅದರಲ್ಲಿ ಸುಮಾರು 2 ತಿಂಗಳು ಕಾವು ಕೂರುವುದು ಎರಡನೆಯ ಹಂತದ ಬಲದಿಂದ. ದಿನಾ ಒಂದೇ ಹೊತ್ತಿಗೆ ತೂಕ, ರೆಕ್ಕೆಯ ನಾಳದ ರಕ್ತದಲ್ಲಿ ಯೂರಿಕ್ ಆಮ್ಲ (ಪ್ರೋಟೀನ್ ಒಡೆದಾಗ ಬರುವ ತ್ಯಾಜ್ಯ) ನೋಡಿ. ಇಳಿದಿದ್ದ ಯೂರಿಕ್ ಆಮ್ಲ ಮತ್ತೆ ಏರತೊಡಗಿದರೆ ಮೂರನೆಯ ಹಂತ, ಅಲ್ಲಿಗೆ ಪ್ರಯೋಗ ನಿಲ್ಲಿಸಬೇಕು. ಉಮಿ ಹಾಸಿದ ನೆಲದಲ್ಲಿ ಇಟ್ಟಿದ್ದರೆ ಉಮಿಯನ್ನೇ ಕುಕ್ಕಿರುತ್ತವೆ, ಅದು ಉಪವಾಸವೇ ಅಲ್ಲ. ತಂತಿ ಬಲೆಯ ನೆಲ ಬೇಕು.

ಕೊಣಾಜೆ ಬಯೋಕೆಮ್: ಲಿವರಿನ ತೂಕ ಉಂಟು, ಕಿಡ್ನಿ ಮೈನಸ್ 80 ಡಿಗ್ರಿಯಲ್ಲಿ ಉಂಟು. ಕೋಳಿ ಇಟ್ಟದ್ದು ಉಮಿಯ ಮೇಲೆಯೇ.

ಸುರತ್ಕಲ್ ಫಿಸಿಯಾಲಜಿ: ಹಾಗಾದರೆ ಕಿಡ್ನಿ ಮುಟ್ಟುವ ಮೊದಲು ಹೊಸ ತಂಡದ ಕೋಳಿಗಳಿಗೆ ಬಲೆ ಹಾಕಿಸಿ ಮಾರಾಯ್ರೆ.