ಲ್ಯಾಂಗೊಲೆನ್ ಕಾಲುವೆಯಲ್ಲಿ ನಾವೇ ದೋಣಿ ನಡೆಸಬೇಕು: ಹೋಗಿ ಬಂದವರು ತಿಳಿಸಿ

ಪ್ರಶ್ನೆ, ಮ್ಯಾಂಚೆಸ್ಟರ್‌ನಿಂದ

ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಪ್ಪ, ಅಮ್ಮ ಬರುತ್ತಿದ್ದಾರೆ. ವೇಲ್ಸ್ ಗಡಿಯ ಲ್ಯಾಂಗೊಲೆನ್ ಕಾಲುವೆಯಲ್ಲಿ ನಾಲ್ಕು ರಾತ್ರಿಗಳ ಮಟ್ಟಿಗೆ ನ್ಯಾರೋಬೋಟ್, ಅಂದರೆ ಒಳಗೇ ಅಡುಗೆ ಮಾಡಿ ಮಲಗಬಹುದಾದ ಕಿರಿದಾದ ಉದ್ದನೆಯ ದೋಣಿ, ಬಾಡಿಗೆಗೆ ಹಿಡಿದು ನಾವೇ ನಡೆಸಿಕೊಂಡು ಹೋಗುವ ಆಸೆ. ನಮ್ಮಲ್ಲಿ ಯಾರಿಗೂ ದೋಣಿ ನಡೆಸಿ ಗೊತ್ತಿಲ್ಲ. ಮಗಳಿಗೆ ಒಂಬತ್ತು ವರ್ಷ. ಅಮ್ಮನಿಗೆ ಮಂಡಿನೋವು. ಅಪ್ಪನಿಗೆ ಅಲ್ಲಿನ ಎತ್ತರದ ಮೇಲ್ಗಾಲುವೆಯ (ಕಾಲುವೆಯನ್ನೇ ನದಿಯ ಮೇಲೆ ದಾಟಿಸುವ ಸೇತುವೆ) ಫೋಟೊ ನೋಡಿಯೇ ದಿಗಿಲು ಹತ್ತಿದೆ. ಧೈರ್ಯ ಮಾಡಬಹುದೇ?

ಬರ್ಮಿಂಗ್‌ಹ್ಯಾಮ್‌ನಿಂದ

ಖಂಡಿತ ಮಾಡಿ. ಬಾಡಿಗೆ ದೋಣಿಗೆ ಲೈಸೆನ್ಸ್ ಬೇಕಿಲ್ಲ. ದೋಣಿ ಒಪ್ಪಿಸುವವರು ಹೊರಡುವ ಮುನ್ನ ಎಲ್ಲವನ್ನೂ ತೋರಿಸಿಕೊಡುತ್ತಾರೆ. ಆ ಹೊತ್ತಿನಲ್ಲಿ ಒಬ್ಬರು ಸಾಮಾನು ಜೋಡಿಸುತ್ತ ಕೂರಬೇಡಿ, ಇಬ್ಬರೂ ನಿಂತು ಕೇಳಿಸಿಕೊಳ್ಳಿ. ಬೆಳಿಗ್ಗೆ ಎಂಜಿನ್ ಆಯಿಲ್ ನೋಡುವುದು, ನೀರಿನ ಟ್ಯಾಂಕಿನ ಮುಚ್ಚಳ ಯಾವುದು, ಡೀಸೆಲ್ಲಿನದು ಯಾವುದು ಎಂಬುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟುಕೊಳ್ಳಿ.

ದೋಣಿಯ ಅಗಲ ಏಳು ಅಡಿಗೂ ಕಡಿಮೆ, ಉದ್ದ ಐವತ್ತು ಅರವತ್ತು ಅಡಿ. ನಡೆಸುವವರು ಹಿಂಭಾಗದಲ್ಲಿ ನಿಲ್ಲಬೇಕು. ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ತಿರುಗುತ್ತದೆ, ಅದೂ ಕೂಡಲೇ ಅಲ್ಲ. ಆ ಕ್ಷಣದ ತಡವನ್ನು ತಾಳಲಾರದೆ ಇನ್ನಷ್ಟು ತಳ್ಳುತ್ತೇವೆ, ಆಗ ನೇರ ದಡಕ್ಕೆ ಹೋಗಿ ಮುಟ್ಟುತ್ತೇವೆ. ಮೊದಲ ಒಂದು ಗಂಟೆ ಎಲ್ಲರಿಗೂ ಹೀಗೆಯೇ. ಬ್ರೇಕ್ ಇಲ್ಲ, ನಿಲ್ಲಿಸಲು ರಿವರ್ಸ್ ಹಾಕಬೇಕು. ಎದುರು ದೋಣಿ ಬಂದರೆ ನೀವು ಬಲಕ್ಕೆ ಸರಿಯಿರಿ, ನಮ್ಮೂರಿನ ರಸ್ತೆಯ ರೂಢಿಯಲ್ಲಿ ಕೈ ಎಡಕ್ಕೇ ಹೋಗುತ್ತದೆ. ವೇಗದ ಮಿತಿ ಗಂಟೆಗೆ 4 ಮೈಲಿ. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕದಲ್ಲಿ ಅದಕ್ಕಿಂತಲೂ ನಿಧಾನ, ಇಲ್ಲವಾದರೆ ಅವರ ಗೂಟ ಕಿತ್ತು ಬರುತ್ತದೆ.

ನಿಮ್ಮ ತಂದೆಯವರ ಭಯದ ಬಗ್ಗೆ ಹೇಳುತ್ತೇನೆ. ಪೊಂಟ್‌ಕಸಲ್ತೆ ಮೇಲ್ಗಾಲುವೆಯನ್ನು ಥಾಮಸ್ ಟೆಲ್‌ಫರ್ಡ್ ಮತ್ತು ವಿಲಿಯಂ ಜೆಸಪ್ ಕಟ್ಟಿ 1805ರಲ್ಲಿ ತೆರೆದರು. 2009ರಿಂದ ಅದು ವಿಶ್ವ ಪರಂಪರೆಯ ತಾಣ. ಉದ್ದ 307 ಮೀಟರ್, ಕೆಳಗೆ 38 ಮೀಟರ್ ಆಳದಲ್ಲಿ ಡೀ ನದಿ. ಕಲ್ಲಿನ ಕಂಬಗಳ ಮೇಲೆ ಎರಕದ ಕಬ್ಬಿಣದ ತೊಟ್ಟಿ, ಅದರಲ್ಲಿ ನೀರು, ನೀರಿನಲ್ಲಿ ನೀವು. ಒಂದು ಬದಿಗೆ ಕಾಲುದಾರಿ, ಅದಕ್ಕೆ ಕಟಕಟೆ ಇದೆ. ಇನ್ನೊಂದು ಬದಿಗೆ ಏನೂ ಇಲ್ಲ. ತೊಟ್ಟಿಯ ಅಂಚು ನೀರಿನಿಂದ ಗೇಣುದ್ದವೂ ಮೇಲಿರುವುದಿಲ್ಲ. ನೋಡಿದರೆ ಎದೆ ಝಲ್ಲೆನ್ನುತ್ತದೆ, ನಿಜ. ಆದರೆ ತೊಟ್ಟಿ ಎಷ್ಟು ಇಕ್ಕಟ್ಟೆಂದರೆ ದೋಣಿ ಅತ್ತಿತ್ತ ಹೋಗಲು ಜಾಗವೇ ಇಲ್ಲ. ತಂದೆಯವರು ಒಳಗೆ ಕುಳಿತು ಕಾಲುದಾರಿಯ ಕಡೆಯ ಕಿಟಕಿಯಿಂದ ನೋಡಲಿ. ಮಗುವೂ ಒಳಗೇ ಇರಲಿ, ಇದರಲ್ಲಿ ರಿಯಾಯಿತಿ ಬೇಡ.

ನಿಜಕ್ಕೂ ಭಯಪಡಬೇಕಾದದ್ದು ಲಾಕ್‌ಗೆ. ನಮ್ಮ ಕೆರೆಯ ತೂಬು ಎತ್ತುವ ಹಾಗೆ ತೂಬು ಎತ್ತಿ, ಎರಡು ಬಾಗಿಲುಗಳ ನಡುವಿನ ಕಲ್ಲಿನ ಕೋಣೆಗೆ ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಏರಿಸುತ್ತೇವೆ, ಇಳಿಸುತ್ತೇವೆ. ಮೇಲಿನ ಬಾಗಿಲಿನ ಬುಡದಲ್ಲಿ, ಕೋಣೆಯ ಒಳಕ್ಕೆ ಚಾಚಿಕೊಂಡು, ಒಂದು ಹೊಸ್ತಿಲು ಇರುತ್ತದೆ. ತುಂಬಿದಾಗ ಅದು ಕಾಣುವುದಿಲ್ಲ. ಅದು ಎಲ್ಲಿಯವರೆಗೆ ಇದೆಯೆಂದು ದಡದ ಕಲ್ಲಿನ ಮೇಲೆ ಬಿಳಿ ಗೆರೆ ಬರೆದಿರುತ್ತಾರೆ. ಇಳಿಯುವಾಗ ದೋಣಿಯ ಹಿಂಭಾಗ ಆ ಗೆರೆಗಿಂತ ಮುಂದೆಯೇ ಇರಬೇಕು.

ಹಿಂದಿರುಗುವಾಗ ನ್ಯೂ ಮಾರ್ಟನ್ ಲಾಕಿನಲ್ಲಿ ಇಳಿಯುತ್ತಿದ್ದೆವು. ಮಗ ಏನೋ ಕೇಳಿದ, ನಾನು ಕತ್ತು ತಿರುಗಿಸಿ ಉತ್ತರ ಕೊಡುತ್ತಿದ್ದೆ. ಅಷ್ಟರಲ್ಲಿ ದೋಣಿ ಮೆಲ್ಲನೆ ಹಿಂದಕ್ಕೆ ಸರಿದಿತ್ತು. ಕಾಲ ಕೆಳಗೆ ಗರಗರ ಶಬ್ದ. ಮುಂಭಾಗ ಇಳಿಯುತ್ತಿದೆ, ನಾನು ನಿಂತ ಜಾಗ ಇಳಿಯುತ್ತಿಲ್ಲ. ಮೇಜಿನ ಮೇಲಿದ್ದ ಸ್ಟೀಲ್ ಲೋಟಗಳು ಒಂದೊಂದಾಗಿ ಜಾರಿ ಬಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ದಡದಲ್ಲಿದ್ದ ನನ್ನ ಹೆಂಡತಿ ಕೆಳಗಿನ ತೂಬನ್ನು ಆ ಕ್ಷಣವೇ ಮುಚ್ಚಿದಳು, ಆಮೇಲೆ ಮೇಲಿನದನ್ನು ಸ್ವಲ್ಪ ಸ್ವಲ್ಪವೇ ಎತ್ತಿದಳು. ನೀರು ಏರಿತು, ದೋಣಿ ಬಿಡಿಸಿಕೊಂಡಿತು. ಇನ್ನೊಂದು ನಿಮಿಷ ತಡವಾಗಿದ್ದರೆ ಮಗುಚುತ್ತಿತ್ತು. ಆದ್ದರಿಂದ ತೂಬಿನ ಬಳಿ ಇರುವವರು ಕಣ್ಣನ್ನು ದೋಣಿಯ ಮೇಲೆಯೇ ಇಟ್ಟಿರಬೇಕು. ಇಳಿಯುವಾಗ ಹಗ್ಗವನ್ನು ದಡಕ್ಕೆ ಬಿಗಿಯಾಗಿ ಕಟ್ಟಲೂಬಾರದು, ದೋಣಿ ನೇತುಬೀಳುತ್ತದೆ.

ನಿಮ್ಮಂಥವರಿಗೆ ಎಲ್ಸ್‌ಮಿಯರ್‌ನಿಂದ ಹೊರಡುವುದು ವಾಸಿ. ಇಡೀ ಕಾಲುವೆಯಲ್ಲಿ 21 ಲಾಕ್‌ಗಳಿದ್ದರೂ ಎಲ್ಸ್‌ಮಿಯರ್‌ನಿಂದ ಲ್ಯಾಂಗೊಲೆನ್‌ವರೆಗೆ ಎರಡೇ, ನಾನು ಹೇಳಿದ ನ್ಯೂ ಮಾರ್ಟನ್‌ನವು. ಅವೂ ಬೇಡವೆನಿಸಿದರೆ ಚರ್ಕ್‌ನಿಂದ ಹೊರಡಿ. ಅಲ್ಲಿಂದ ಮುಂದೆ ಒಂದೂ ಲಾಕ್ ಇಲ್ಲ, ಮೇಲ್ಗಾಲುವೆಯಂತೂ ಸಿಕ್ಕೇ ಸಿಗುತ್ತದೆ.

ರೆಡಿಂಗ್‌ನಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ, ಅವರಿಗೂ ಮಂಡಿನೋವು. ಒಳಗಿಳಿಯುವ ಮೆಟ್ಟಿಲು ಕಡಿದಾಗಿರುತ್ತದೆ, ಹಿಂಬದಿಯದು ಹೆಚ್ಚು. ಮುಂಬದಿಯಲ್ಲಿ ಎಷ್ಟು ಮೆಟ್ಟಿಲು, ಹಿಡಿಕೆ ಇದೆಯೇ ಎಂದು ಬುಕ್ ಮಾಡುವ ಮೊದಲೇ ಕೇಳಿ. ಮಂಚವಾಗಿ ಬಿಚ್ಚಿಕೊಳ್ಳುವ ಮೇಜು ಅಮ್ಮನವರಿಗೆ ಬೇಡ, ಕಾಯಂ ಮಂಚವಿರುವ ದೋಣಿಯನ್ನೇ ಹಿಡಿಯಿರಿ. ಮುಂಭಾಗದ ಬಾಗಿಲು ತೆರೆದರೆ ಇಬ್ಬರು ಕೂರುವಷ್ಟು ಕಟ್ಟೆಯಿತ್ತು. ಅತ್ತೆ ಅಲ್ಲಿ ಶಾಲು ಹೊದ್ದು ಕುಳಿತು ಬಾತುಕೋಳಿ ಮರಿಗಳನ್ನು ಎಣಿಸುತ್ತಿದ್ದರು. ಎಂಜಿನ್ ಸದ್ದು ಅಲ್ಲಿಗೆ ಅಷ್ಟಾಗಿ ಬರುವುದಿಲ್ಲ.

ಅಡುಗೆಗೆ ಗ್ಯಾಸ್ ಒಲೆ ಇದೆ, ಕುಕ್ಕರ್ ಒಯ್ಯಿರಿ. ನಮ್ಮ ದೋಣಿಯ ಇನ್ವರ್ಟರ್ ಮಿಕ್ಸಿಯ ಭಾರ ತಾಳಲಿಲ್ಲ, ಹಾಗಾಗಿ ಚಟ್ನಿಪುಡಿ, ಸಾರಿನ ಪುಡಿ, ಹುರಿದಿಟ್ಟ ರವೆ ಮನೆಯಿಂದಲೇ ಬರಲಿ. ಚಳಿಯೆಂದು ಗಾಳಿಯ ಕಿಂಡಿಗಳನ್ನು ಬಟ್ಟೆ ತುರುಕಿ ಮುಚ್ಚಬೇಡಿ, ಒಲೆಯ ಹೊಗೆ ಹೊರಹೋಗಬೇಕು. ಕಾಲುವೆಯ ನೀರು ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರುವಂತಿಲ್ಲ, ಇಲಿ ಮೂತ್ರದಿಂದ ಬರುವ ಜ್ವರದ ಅಪಾಯವಿದೆ.

ನಾಟಿಂಗ್‌ಹ್ಯಾಮ್‌ನಿಂದ

ಎರಡು ಮಾತು ಸೇರಿಸುತ್ತೇನೆ. ಈ ಕಾಲುವೆಯಲ್ಲಿ ನೀರು ಹರಿಯುತ್ತದೆ, ಲ್ಯಾಂಗೊಲೆನ್‌ನ ಆಚೆ ಡೀ ನದಿಯಿಂದ ತಿರುಗಿಸಿದ ನೀರು ಅದು. ಹೋಗುವಾಗ ಹರಿವಿಗೆ ಎದುರು, ಚರ್ಕ್ ಸುರಂಗದೊಳಗೆ ದೋಣಿ ತೆವಳುತ್ತದೆ. ಹೋಗುವುದಕ್ಕೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಲ್ಯಾಂಗೊಲೆನ್‌ಗೆ ಮುಂಚಿನ ಕೆಲವು ಕಡೆ ಒಂದೇ ದೋಣಿ ಹಿಡಿಸುವಷ್ಟು ಜಾಗ. ಒಬ್ಬರು ದಡದಲ್ಲಿ ಮುಂದೆ ನಡೆದುಹೋಗಿ, ಎದುರಿಗೆ ಯಾರೂ ಇಲ್ಲವೆಂದು ಫೋನ್ ಮಾಡಿದ ಮೇಲೆಯೇ ನುಗ್ಗಿ.

ದೋಣಿ ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ ಪ್ರೊಪೆಲ್ಲರಿಗೆ ಏನೋ ಸುತ್ತಿಕೊಂಡಿದೆ ಎಂದರ್ಥ. ನಮಗೆ ಸಿಕ್ಕಿದ್ದು ನೀಲಿ ಪ್ಲಾಸ್ಟಿಕ್ ಹಗ್ಗ, ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಎಂಜಿನ್ ಆರಿಸಿ, ಕೀ ತೆಗೆದು ನಿಮ್ಮ ಜೇಬಿಗೆ ಹಾಕಿಕೊಂಡ ಮೇಲಷ್ಟೇ ಹಿಂಭಾಗದ ಮುಚ್ಚಳ ತೆರೆದು ಕೈ ಇಳಿಸಿ. ಮುಚ್ಚಳವನ್ನು ಮತ್ತೆ ಬಿಗಿಯಾಗಿ ಕೂರಿಸದೆ ಎಂಜಿನ್ ಚಾಲೂ ಮಾಡಿದರೆ ದೋಣಿಗೆ ನೀರು ನುಗ್ಗುತ್ತದೆ. ಇನ್ನು ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟರವರೆಗೆ ದಡಕ್ಕೆ ಕಟ್ಟಿ ನಿಂತು ಎಂಜಿನ್ ಓಡಿಸುವಂತಿಲ್ಲ. ಮೊಬೈಲ್ ಚಾರ್ಜ್, ಎಲ್ಲರ ಬಿಸಿನೀರ ಸ್ನಾನ ಅಷ್ಟರೊಳಗೆ ಮುಗಿದಿರಲಿ.